ಸಮಾನ ಬೀಜೋಕ್ತಿಗಳನ್ನು ದಿನಬಳಕೆಯ ಲೆಕ್ಕಗಳಿಂದ ಕಲಿಸುವುದು: 6ರಿಂದ 8ನೇ ತರಗತಿಯ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

7ನೇ ತರಗತಿಯ ಹುಡುಗ 3(ಕ + 4) ಅನ್ನು ಬಿಡಿಸಿ 3ಕ + 12 ಎಂದು ಸರಿಯಾಗಿಯೇ ಬರೆಯುತ್ತಾನೆ. "ಇವೆರಡೂ ಒಂದೇನಾ?" ಎಂದು ಕೇಳಿದರೆ "ಇಲ್ಲ ಸರ್, ಅದು ಲೆಕ್ಕ, ಇದು ಉತ್ತರ" ಅನ್ನುತ್ತಾನೆ. ಪಕ್ಕದ ಹುಡುಗಿ ಅದೇ ಲೆಕ್ಕಕ್ಕೆ 3ಕ + 4 ಎಂದು ಬರೆದಿರುತ್ತಾಳೆ. ಅವನಿಗೆ ಪೂರ್ತಿ ಅಂಕ, ಇವಳಿಗೆ ಸೊನ್ನೆ. ಆದರೆ ಇಬ್ಬರಿಗೂ ತಲುಪದೆ ಉಳಿದದ್ದು ಒಂದೇ ವಿಷಯ: ಒಂದೇ ಮೊತ್ತವನ್ನು ಎರಡು ಬಗೆಯಲ್ಲಿ ಎಣಿಸಿದಾಗ ಎರಡು ಬೀಜೋಕ್ತಿ (ಸಂಖ್ಯೆ, ಅಕ್ಷರ ಸೇರಿಸಿ ಬರೆದ ಲೆಕ್ಕ) ಹುಟ್ಟುತ್ತವೆ, ಅಕ್ಷರದ ಜಾಗಕ್ಕೆ ಯಾವ ಸಂಖ್ಯೆ ಹಾಕಿದರೂ ಅವೆರಡರ ಬೆಲೆ ಒಂದೇ ಆಗಿರುತ್ತದೆ. ಸಮಾನ ಬೀಜೋಕ್ತಿ ಅಂದರೆ ಇಷ್ಟೇ.

"ಹೊರಗಿರೋದನ್ನ ಒಳಗಿರೋ ಎರಡಕ್ಕೂ ಗುಣಿಸು" ಎಂಬ ನಿಯಮದಿಂದ ಪಾಠ ಶುರುವಾದರೆ ಈ ವಿಷಯ ನಿಯಮದ ಹಿಂದೆ ಮರೆಯಾಗಿಬಿಡುತ್ತದೆ. ಮೊದಲು ಎಣಿಕೆ, ಆಮೇಲೆ ಬರವಣಿಗೆ, ಕೊನೆಗೆ ನಿಯಮ. ಇಲ್ಲಿರುವುದು ಈ ಕ್ರಮ. ಮಂಡ್ಯ, ಮದ್ದೂರು, ಮೈಸೂರು ಕಡೆಯ ಮಕ್ಕಳು ಮನೆಯಲ್ಲಿ, ಅಂಗಡಿಯಲ್ಲಿ, ಡೈರಿಯ ಮುಂದೆ ದಿನಾ ನೋಡುವ ಲೆಕ್ಕಗಳನ್ನೇ ಬಳಸಿದ್ದೇವೆ. 40 ನಿಮಿಷದ ಎಂಟರಿಂದ ಹತ್ತು ಅವಧಿ ಎತ್ತಿಡಿ. 6ನೇ ತರಗತಿಗೆ ಮೊದಲ ನಾಲ್ಕು ಹಂತ ಸಾಕು. 7 ಮತ್ತು 8ಕ್ಕೆ ಎಲ್ಲವೂ ಬೇಕು.

ಶುರು ಮಾಡುವ ಮೊದಲು

ಮಕ್ಕಳಿಗೆ ಮೂರು ವಿಷಯ ಗೊತ್ತಿರಬೇಕು: ಆವರಣವಿರುವ ಸಂಖ್ಯಾಲೆಕ್ಕವನ್ನು ಯಾವ ಕ್ರಮದಲ್ಲಿ ಬಿಡಿಸಬೇಕು ಎನ್ನುವುದು, ಆಯತದ ವಿಸ್ತೀರ್ಣ, ಮತ್ತು (7ರಿಂದ ಮೇಲೆ) ಋಣ ಸಂಖ್ಯೆಗಳನ್ನು ಕೂಡಿ ಕಳೆಯುವುದು. 2 + 3 × 5 ಎಷ್ಟು ಎಂದು ಬೋರ್ಡಿನ ಮೇಲೆ ಬರೆದು ಕೇಳಿ. ಅರ್ಧ ತರಗತಿ 25 ಅಂದರೆ ಬೀಜೋಕ್ತಿಗೆ ಕೈ ಹಾಕಬೇಡಿ, ಒಂದು ಅವಧಿ ಅದಕ್ಕೇ ಕೊಡಿ. ಇಲ್ಲದಿದ್ದರೆ ಮುಂದೆ ಬೆಲೆ ಹಾಕಿ ತಾಳೆ ನೋಡುವಾಗ ಬರುವ ತಪ್ಪು ಬೀಜಗಣಿತದ್ದೋ ಅಂಕಗಣಿತದ್ದೋ ನಿಮಗೇ ಗೊತ್ತಾಗುವುದಿಲ್ಲ.

ಸಾಮಗ್ರಿಗೆ ಖರ್ಚಿಲ್ಲ. 30 ಮಕ್ಕಳಿಗೆ ಐದೈದು ಜನರ ಆರು ಗುಂಪು. ಗುಂಪಿಗೆ ನಾಲ್ಕರಂತೆ 24 ಖಾಲಿ ಬೆಂಕಿಪೊಟ್ಟಣ, 24 ರಬ್ಬರ್‌ಬ್ಯಾಂಡ್, ಸುಮಾರು 250 ಹುಣಸೆಬೀಜ, ಚೌಕುಳಿ ಹಾಳೆ. ಪೊಟ್ಟಣಗಳನ್ನು ಹಿಂದಿನ ದಿನವೇ ತುಂಬಿಡಿ. ಮೊದಲ ಗುಂಪಿನ ನಾಲ್ಕೂ ಪೊಟ್ಟಣಕ್ಕೆ 2 ಬೀಜ, ಎರಡನೆಯ ಗುಂಪಿನದಕ್ಕೆ 3, ಹೀಗೆ ಆರನೆಯ ಗುಂಪಿಗೆ 7. ಒಂದೇ ಗುಂಪಿನ ಎಲ್ಲ ಪೊಟ್ಟಣದಲ್ಲೂ ಬೀಜದ ಸಂಖ್ಯೆ ಒಂದೇ ಇರಬೇಕು. ಇಲ್ಲಿ ಒಂದು ಹೆಚ್ಚುಕಡಿಮೆಯಾದರೂ ಇಡೀ ಪಾಠ ಕೆಡುತ್ತದೆ, ಆದ್ದರಿಂದ ಎರಡು ಸಲ ಎಣಿಸಿ ರಬ್ಬರ್‌ಬ್ಯಾಂಡ್ ಹಾಕಿ. ಗುಂಪಿಗೆ 20 ಬಿಡಿ ಬೀಜ ಬೇರೆ ಕೊಡಿ.

ಅಕ್ಷರದ ಬಗ್ಗೆ ಒಂದು ಮಾತು. ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಮೊದಲ ವಾರ ಕನ್ನಡದ ಕ, ಗ ಬಳಸಿದರೆ ಮಕ್ಕಳಿಗೆ ಹೆದರಿಕೆ ಕಡಿಮೆ. ಎಕ್ಸ್ ಅಕ್ಷರವೂ ಗುಣಾಕಾರದ ಗುರುತೂ ನೋಟ್‌ಬುಕ್ಕಿನಲ್ಲಿ ಒಂದೇ ಥರ ಕಾಣುವ ತೊಂದರೆಯೂ ಇರುವುದಿಲ್ಲ. ನಮ್ಮ ಹಳೆಯ ಗಣಿತಜ್ಞರು, 12ನೇ ಶತಮಾನದ ಭಾಸ್ಕರಾಚಾರ್ಯರೂ ಸೇರಿ, ಗೊತ್ತಿಲ್ಲದ ಸಂಖ್ಯೆಗಳಿಗೆ ಯಾ, ಕಾ, ನೀ ಎಂದು ಅಕ್ಷರಗಳನ್ನೇ ಬರೆಯುತ್ತಿದ್ದರು ಎಂದು ಹೇಳಿ. ಎರಡನೆಯ ವಾರ ಪುಸ್ತಕದ ಅಕ್ಷರಗಳಿಗೆ ದಾಟಿ.

ಹಂತ 1: ಒಂದು ಬಿಲ್ಲು, ಎರಡು ಲೆಕ್ಕ

ಮೊದಲ ಅವಧಿಯಲ್ಲಿ ಅಕ್ಷರ ಬೇಡ, ಬರೀ ಸಂಖ್ಯೆ ಇರಲಿ. ಲೆಕ್ಕ ಹೀಗೆ:

"ಮೂವರು ಸ್ನೇಹಿತರು ಮದ್ದೂರಿನಲ್ಲಿ ಇಳಿದರು. ತಲಾ ಒಂದು ವಡೆ, ಒಂದು ಕಾಫಿ ತೆಗೆದುಕೊಂಡರು. ವಡೆಗೆ 20 ರೂಪಾಯಿ, ಕಾಫಿಗೆ 15 ರೂಪಾಯಿ. ಒಟ್ಟು ಬಿಲ್ಲು ಎಷ್ಟು?"

ಉತ್ತರ ಕೇಳಬೇಡಿ. "ಹೇಗೆ ಲೆಕ್ಕ ಹಾಕಿದೆ ಹೇಳಮ್ಮ" ಎಂದು ಕೇಳಿ. ಒಬ್ಬಳು ಒಬ್ಬೊಬ್ಬರ ಬಿಲ್ಲು ಮಾಡಿ ಮೂರರಿಂದ ಗುಣಿಸಿರುತ್ತಾಳೆ. ಇನ್ನೊಬ್ಬ ವಡೆಯೆಲ್ಲ ಒಂದು ಕಡೆ, ಕಾಫಿಯೆಲ್ಲ ಒಂದು ಕಡೆ ಮಾಡಿರುತ್ತಾನೆ. ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ, ಗುಣಿಸದೆ, ಕೂಡದೆ, ಇದ್ದ ಹಾಗೇ:

3 × (20 + 15)
3 × 20 + 3 × 15

ಈ ಹಂತದ ಜೀವ ಇರುವುದು ಇಲ್ಲಿ. ಮಕ್ಕಳ ಕೈ 105 ಎಂದು ಬರೆಯಲು ತುಡಿಯುತ್ತಿರುತ್ತದೆ. 105 ಬರೆದ ತಕ್ಷಣ ಎಣಿಸಿದ ದಾರಿ ಅಳಿಸಿಹೋಗುತ್ತದೆ, ಎರಡೂ ಲೆಕ್ಕ ಒಂದೇ ಸಂಖ್ಯೆಯಾಗಿ ಕೂತುಬಿಡುತ್ತವೆ. ಬಿಡಿಸದ ಸಾಲನ್ನೇ ತೋರಿಸಿ, "ಇದರಲ್ಲಿ 20 + 15 ಅಂದರೆ ಏನು?" ಎಂದು ಕೇಳಿ. "ಒಬ್ಬರ ಬಿಲ್ಲು." "3 × 20?" "ಮೂರು ವಡೆ ದುಡ್ಡು." ಪ್ರತಿ ತುಂಡಿಗೂ ಹೀಗೆ ಅರ್ಥ ಹೇಳಿಸಿ ಅದರ ಕೆಳಗೇ ಬರೆಯಿರಿ. ಆಮೇಲೆ ಬೇಕಾದರೆ 105 ಬರೆದು ತಾಳೆ ನೋಡಿ.

ಈಗ ಕಾಫಿ 15 ರೂಪಾಯಿಯೇ ಇರಲಿ, ವಡೆಯ ಬೆಲೆ ಮಾತ್ರ ಬೋರ್ಡಿನಲ್ಲಿ ಅಳಿಸಿಹೋಗಿದೆ ಎನ್ನಿ. ಆ ಬೆಲೆಗೆ ಕ ಎಂದಿಡಿ. ಮೊದಲಿನ ಎರಡು ಸಾಲುಗಳಲ್ಲಿ 20 ಇದ್ದ ಕಡೆಯೆಲ್ಲ ಕ ಬರೆಯಲು ಮಕ್ಕಳಿಗೇ ಹೇಳಿ:

3(ಕ + 15)
3ಕ + 45

ಮಕ್ಕಳು ಕಂಡ ಮೊದಲ ಸಮಾನ ಬೀಜೋಕ್ತಿ ಜೋಡಿ ಇದು. ಇನ್ನೂ ಯಾವ ನಿಯಮವನ್ನೂ ನೀವು ಹೇಳಿಲ್ಲ.

ಯಾರಾದರೂ 3ಕ + 15 ಎಂದು ಬರೆದೇ ಬರೆಯುತ್ತಾರೆ. ಅಡ್ಡಗೆರೆ ಎಳೆಯಬೇಡಿ. "ಈ ಬಿಲ್ಲಿನಲ್ಲಿ ಯಾರು ಏನು ತಿಂದರು ಹೇಳಪ್ಪ" ಎಂದು ಕೇಳಿ. ಮೂರು ವಡೆ, ಕಾಫಿ ಮಾತ್ರ ಒಂದೇ. "ಇನ್ನಿಬ್ಬರು ಕಾಫಿನೇ ಕುಡಿದಿಲ್ಲ ಸಾ" ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬರುತ್ತದೆ. ತಪ್ಪು ಬೀಜೋಕ್ತಿಯೂ ಒಂದು ಬಿಲ್ಲೇ, ಕೊಟ್ಟ ಲೆಕ್ಕದ ಬಿಲ್ಲಲ್ಲ, ಅಷ್ಟೇ. ಯಾವ ಬಿಲ್ಲು ಅದು ಎಂದು ಮಗುವಿನ ಬಾಯಿಂದಲೇ ಹೇಳಿಸುವ ಈ ರೂಢಿಯನ್ನು ಕೊನೆಯ ಹಂತದವರೆಗೂ ಬಿಡಬೇಡಿ. ನಿಯಮ ಮರೆತ ಮಗು ಪರೀಕ್ಷೆಯಲ್ಲಿ ತನ್ನ ತಪ್ಪನ್ನು ತಾನೇ ಹಿಡಿಯಲು ಇದು ಒಳ್ಳೆಯ ದಾರಿ.

ಹಂತ 2: ಅಕ್ಷರ ಯಾವುದರ ಲೆಕ್ಕ ಎಂದು ಬರೆಸುವುದು

ಪ್ರತಿ ಲೆಕ್ಕದ ಮೊದಲ ಸಾಲು ಕಡ್ಡಾಯವಾಗಿ ಹೀಗಿರಲಿ: "ಕ = ಒಂದು ವಡೆಯ ಬೆಲೆ, ರೂಪಾಯಿಯಲ್ಲಿ." ಯಾವುದರ ಅಳತೆ, ಎಷ್ಟಕ್ಕೆ, ಯಾವ ಮಾನದಲ್ಲಿ, ಮೂರೂ ಇರಬೇಕು. "ಕ = ವಡೆ" ಎಂದು ಬರೆದರೆ ಒಪ್ಪಬೇಡಿ.

ಕಾರಣವಿದೆ. ಎಷ್ಟೋ ತರಗತಿಗಳಲ್ಲಿ "3 ಮಾವು + 2 ಮಾವು = 5 ಮಾವು, ಹಾಗೇ 3ಮ + 2ಮ = 5ಮ" ಎಂದು ಹೇಳಿಕೊಡುತ್ತಾರೆ. ಆ ಹೊತ್ತಿಗೆ ಸುಲಭ ಅನಿಸುತ್ತದೆ, ಆದರೆ ಮಗುವಿನ ಮನಸ್ಸಿನಲ್ಲಿ ಅಕ್ಷರ ಎಂದರೆ ವಸ್ತು ಎಂದು ಕೂತುಬಿಡುತ್ತದೆ. ಮುಂದೆ ಮ × ಮ ಬಂದಾಗ ಮಾವನ್ನು ಮಾವಿನಿಂದ ಗುಣಿಸುವುದು ಹೇಗೆ? ಒಂದು ಮಾವಿಗೆ 30 ರೂಪಾಯಿ ಎಂದಾಗ ಮ ಅಂದರೆ 1 ಹಣ್ಣೋ 30 ರೂಪಾಯಿಯೋ? ಅಕ್ಷರ ಸಂಖ್ಯೆಯ ಜಾಗ, ವಸ್ತುವಿನ ಅಡ್ಡಹೆಸರಲ್ಲ. ವಸ್ತುವಿನ ಮೊದಲಕ್ಷರವನ್ನೇ ಚರಾಕ್ಷರವಾಗಿ ಆರಿಸದಿದ್ದರೆ ಈ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ವಡೆಯ ಬೆಲೆಗೆ ನಾವು ವ ಇಡದೆ ಕ ಇಟ್ಟಿದ್ದು ಅದಕ್ಕೇ.

ಬೆಂಕಿಪೊಟ್ಟಣ ಈಗ ಹೊರಗೆ ಬರಲಿ. ಕ = ಒಂದು ಪೊಟ್ಟಣದಲ್ಲಿರುವ ಬೀಜಗಳ ಸಂಖ್ಯೆ. ಪ್ರತಿ ಗುಂಪೂ ಮೂರು ಕಡೆ ಒಂದು ಪೊಟ್ಟಣ, ನಾಲ್ಕು ಬಿಡಿ ಬೀಜ ಇಡಲಿ. ನೋಟ್‌ಬುಕ್ಕಿನಲ್ಲಿ 3(ಕ + 4). ಆಮೇಲೆ ಪೊಟ್ಟಣಗಳನ್ನೆಲ್ಲ ಎಡಕ್ಕೆ, ಬಿಡಿ ಬೀಜಗಳನ್ನೆಲ್ಲ ಬಲಕ್ಕೆ ಸರಿಸಲಿ. ಈಗ 3ಕ + 12. ಒಂದು ಬೀಜವನ್ನೂ ಹೊಸದಾಗಿ ಇಟ್ಟಿಲ್ಲ, ತೆಗೆದೂ ಇಲ್ಲ, ಜಾಗ ಮಾತ್ರ ಬದಲಾಯಿತು. ಪೊಟ್ಟಣ ಬಿಚ್ಚದೆಯೇ ಎರಡೂ ಸಮ ಎಂದು ಮಕ್ಕಳು ಹೇಳಬೇಕು. ಹೇಳಿದ ಮೇಲೆ ಬಿಚ್ಚಿಸಿ. ಒಂದು ಗುಂಪಿಗೆ 18 ಬರುತ್ತದೆ, ಇನ್ನೊಂದಕ್ಕೆ 21, ಕೊನೆಯ ಗುಂಪಿಗೆ 33. ಒಟ್ಟು ಬೇರೆ ಬೇರೆ, ಆದರೆ ಎಲ್ಲ ಗುಂಪಿನಲ್ಲೂ ಎರಡು ಬರವಣಿಗೆಗಳು ತಾಳೆಯಾಗುತ್ತವೆ. ಈ ಆರು ಸಾಲನ್ನು ಬೋರ್ಡಿನ ಮೇಲೆ ಪಟ್ಟಿ ಮಾಡಿ ಆ ದಿನವೆಲ್ಲ ಅಳಿಸದೆ ಬಿಡಿ.

ಹಂತ 3: ಲೆಕ್ಕಕ್ಕೆ ಸಂದರ್ಭ ಆರಿಸುವುದು

ಎಲ್ಲ ದಿನಬಳಕೆಯ ಸಂದರ್ಭವೂ ಬೀಜೋಕ್ತಿಗೆ ಒಗ್ಗುವುದಿಲ್ಲ. ಅಕ್ಷರ ಎಲ್ಲ ಕಡೆಯೂ ಒಂದೇ ಸಂಖ್ಯೆಯನ್ನು ಹಿಡಿದಿರಬೇಕು. ಬಾಳೆಹಣ್ಣಿನ ಚಿಪ್ಪು ಇದಕ್ಕೆ ಆಗದು, ಒಂದೊಂದು ಚಿಪ್ಪಿನಲ್ಲಿ ಒಂದೊಂದು ಎಣಿಕೆ. "5 ಚಿಪ್ಪಿನಲ್ಲಿ 5ಕ ಹಣ್ಣು" ಎಂದರೆ ಜಾಣ ಮಗು ಒಪ್ಪುವುದಿಲ್ಲ, ಒಪ್ಪಲೂಬಾರದು. ಎಣಿಸಿ ಕಟ್ಟಿದ ವೀಳ್ಯದೆಲೆ ಕಟ್ಟು, ಒಂದೇ ಬಗೆಯ ಬಿಸ್ಕತ್ತಿನ ಪ್ಯಾಕೆಟ್ಟು, ಒಂದೇ ದರದ ಸಾಮಾನು ಆಗುತ್ತವೆ.

ಬಸ್ಸಿನ ಲೆಕ್ಕದಲ್ಲೂ ಎಚ್ಚರವಿರಲಿ. "ಅಪ್ಪ, ಅಮ್ಮ, ಅಜ್ಜಿ, ಮಾವ ಮಂಡ್ಯದಿಂದ ಮೈಸೂರಿಗೆ ಹೋದರು, ಒಬ್ಬರ ಟಿಕೆಟ್ ಕ ರೂಪಾಯಿ" ಎಂದು ಕೊಟ್ಟು 4ಕ ನಿರೀಕ್ಷಿಸಿದರೆ "ಅಮ್ಮಂಗೂ ಅಜ್ಜಿಗೂ ಫ್ರೀ ಮಿಸ್" ಎಂಬ ಮಾತು ಬರುತ್ತದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ, ಮಗು ಹೇಳುವುದು ಸರಿ. ಹಾಗಿದ್ದರೆ ಅದನ್ನೇ ಲೆಕ್ಕ ಮಾಡಿ: ಸರ್ಕಾರಿ ಬಸ್ಸಿನಲ್ಲಿ 8 ದೊಡ್ಡವರು ಹೊರಟರು, ಅವರಲ್ಲಿ 3 ಹೆಂಗಸರು. ಎಲ್ಲರ ಟಿಕೆಟ್ಟಿಗೆ 8ಕ ಎಂದು ಮೊದಲು ಹಾಕಿ, ಕೊಡಬೇಕಿಲ್ಲದ 3ಕ ಕಳೆದರೆ 8ಕ − 3ಕ. ದುಡ್ಡು ಕೊಡುವವರನ್ನಷ್ಟೇ ಎಣಿಸಿದರೆ 5ಕ. ಮತ್ತೆ ಒಂದೇ ಮೊತ್ತಕ್ಕೆ ಎರಡು ಲೆಕ್ಕ.

ಲೆಕ್ಕದ ಭಾಷೆಯಲ್ಲಿ "ತಲಾ" ಅಥವಾ "ಒಬ್ಬೊಬ್ಬರಿಗೂ" ಎಂಬ ಮಾತನ್ನು ಬಿಡಬೇಡಿ. "ಮೂವರು ವಡೆ, ಕಾಫಿ ತೆಗೆದುಕೊಂಡರು" ಎಂದಷ್ಟೇ ಬರೆದರೆ ಎಷ್ಟು ವಡೆ ಎಂಬುದು ಓದಿದವರ ಊಹೆಗೆ ಬಿಟ್ಟದ್ದು. ಇನ್ನು "ಒಟ್ಟು ಅಂತ ಕಂಡರೆ ಕೂಡು, ಉಳಿದದ್ದು ಅಂತ ಕಂಡರೆ ಕಳೆ" ಎಂಬ ಗುಟ್ಟನ್ನು ಹೇಳಿಕೊಡಲೇಬೇಡಿ. ಮೇಲಿನ ಬಸ್ಸಿನ ಲೆಕ್ಕದಲ್ಲಿ "ಒಟ್ಟು ಟಿಕೆಟ್ ಹಣ" ಕೇಳಿದರೂ ಕಳೆಯಬೇಕಾಗಿದೆ.

ಹಂತ 4: ಸಜಾತಿ ಪದಗಳಿಗೆ ಡೈರಿಯ ಲೆಕ್ಕ

"ಡೈರಿಗೆ ಬೆಳಿಗ್ಗೆ 4 ಲೀಟರ್, ಸಂಜೆ 3 ಲೀಟರ್ ಹಾಲು ಹಾಕಿದರು. ಲೀಟರಿಗೆ ಕ ರೂಪಾಯಿ." 4ಕ + 3ಕ ಅಥವಾ 7ಕ. ಸಜಾತಿ ಪದಗಳನ್ನು, ಅಂದರೆ ಒಂದೇ ಅಕ್ಷರಭಾಗವಿರುವ 4ಕ, 3ಕ ಥರದ ಪದಗಳನ್ನು, ಕೂಡುವುದು ಬೇರೆಯೇ ಒಂದು ನಿಯಮವಲ್ಲ, ಮದ್ದೂರಿನ ಬಿಲ್ಲಿನಲ್ಲಿ ಕಂಡದ್ದೇ ತಿರುಗಿ ಬಂದಿದೆ: 4ಕ + 3ಕ = (4 + 3)ಕ. ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆದು ತೋರಿಸಿ.

ಹಸು ಕಟ್ಟಿರುವ ಮನೆಯ ಮಗು ತರಗತಿಯಲ್ಲಿದ್ದರೆ ಸುಮ್ಮನಿರುವುದಿಲ್ಲ. "ಸಂಜೆ ಹಾಲಿಗೆ ಫ್ಯಾಟು ಬೇರೆ ಬರುತ್ತೆ ಸರ್, ರೇಟೂ ಬೇರೆ" ಅನ್ನುತ್ತದೆ. ಆ ಮಾತನ್ನು ತಳ್ಳಿಹಾಕಬೇಡಿ, ವಿಜಾತಿ ಪದದ (ಅಕ್ಷರಭಾಗ ಬೇರೆ ಬೇರೆ ಇರುವ ಪದಗಳ) ಪಾಠ ತಾನಾಗಿಯೇ ಬಂದಿದೆ. ಕೊಬ್ಬಿನ ಅಂಶಕ್ಕೆ ತಕ್ಕಂತೆ ದರ ಬದಲಾಗುವುದು ನಿಜ. ಸಂಜೆಯ ದರಕ್ಕೆ ಗ ಎಂದಿಡಿ: 4ಕ + 3ಗ. ಇದನ್ನು 7ಕ ಎಂದೋ 7ಗ ಎಂದೋ 7ಕಗ ಎಂದೋ ಬರೆಯಬಹುದೇ? ದರ 35 ಮತ್ತು 37 ಎಂದು ಹಾಕಿ ನೋಡಲಿ: 140 + 111 = 251. 7 × 35 = 245, 7 × 37 = 259, 7 × 35 × 37 ಅಂತೂ 9065. ಯಾವುದೂ 251 ಆಗುವುದಿಲ್ಲ. ಎರಡು ದರದ ಹಾಲನ್ನು ಒಂದೇ ದರದಲ್ಲಿ ಲೆಕ್ಕ ಹಾಕಿದರೆ ಯಾರಿಗೋ ಮೋಸವಾಗುತ್ತದೆ ಎಂಬುದು ಆ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ: 7ಕ − ಕ = 7. "ಕ ತೆಗೆದರೆ 7 ಉಳಿಯಿತು" ಎಂಬುದು ಮಗುವಿನ ವಾದ. ಈ ಲೆಕ್ಕಕ್ಕೆ ಕ = ಒಂದು ದಿನದ ಹಾಲಿನ ಹಣ ಎಂದು ಹೊಸದಾಗಿ ಬರೆಸಿ. 7 ದಿನದ ಹಣ ಬರಬೇಕಿತ್ತು, ಒಂದು ದಿನ ಡೈರಿಗೆ ಹಾಲು ಹಾಕಲಿಲ್ಲ. ಬರುವುದು 6 ದಿನದ ಹಣ, 6ಕ. ಕೈಗೆ 7 ರೂಪಾಯಿ ಬಂದರೆ ಮನೆಯವರು ಬಿಡುತ್ತಾರೆಯೇ? ಒಂಟಿ ಕ ಕಂಡಾಗಲೆಲ್ಲ ಮೊದಲ ವಾರ 1ಕ ಎಂದೇ ಬರೆಸಿ.

5ಕ + 3 ಅನ್ನು 8ಕ ಮಾಡುವವರಿಗೆ ಬೆಂಕಿಪೊಟ್ಟಣಕ್ಕೇ ಹಿಂದಿರುಗಿ: ಐದು ಪೊಟ್ಟಣ (ಐದನೆಯದಕ್ಕೂ ಅಷ್ಟೇ ಬೀಜ ತುಂಬಿ), ಮೂರು ಬಿಡಿ ಬೀಜ. ಬಿಡಿ ಬೀಜ ಪೊಟ್ಟಣವಾಗುವುದಿಲ್ಲ. ಈ ತಪ್ಪಿಗೆ ಮೂಲ ಮಕ್ಕಳ ಅಜಾಗರೂಕತೆಯಲ್ಲ. ಐದು ವರ್ಷ ಅಂಕಗಣಿತ ಮಾಡಿದವರಿಗೆ ನಡುವೆ + ಇರುವ ಸಾಲು ಉತ್ತರದಂತೆ ಕಾಣುವುದಿಲ್ಲ, ಇನ್ನೂ ಏನೋ ಬಾಕಿ ಇದೆ ಅನಿಸುತ್ತದೆ. "5ಕ + 3 ಪೂರ್ತಿ ಉತ್ತರವೇ, ಇಲ್ಲಿಗೆ ನಿಲ್ಲಿಸಬಹುದು" ಎಂದು ಬಾಯಿಬಿಟ್ಟು ಹೇಳಿ, ಒಂದಲ್ಲ, ಹತ್ತು ಸಲ.

ಹಂತ 5: ತುಳಸಿಕಟ್ಟೆಯ ಸುತ್ತಿನ ಕಲ್ಲು

ಇಡೀ ಘಟಕದಲ್ಲಿ ಒಂದೇ ಒಂದು ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಮಾಡಿ. ಎರಡು ಅವಧಿ ಬೇಕು.

ಚೌಕಾಕಾರದ ತುಳಸಿಕಟ್ಟೆ. ಅದರ ಒಂದು ಬದಿಯ ಉದ್ದಕ್ಕೆ 5 ಚದರ ಕಲ್ಲು ಹಿಡಿಸುತ್ತವೆ. ಕಟ್ಟೆಗೆ ತಾಗಿದಂತೆ ಸುತ್ತಲೂ ಒಂದೇ ಸಾಲು ಕಲ್ಲು ಹಾಸಬೇಕು, ನಾಲ್ಕು ಮೂಲೆಗಳೂ ಸೇರಿ. ಎಷ್ಟು ಕಲ್ಲು ಬೇಕು? ಚೌಕುಳಿ ಹಾಳೆಯಲ್ಲಿ ಬರೆದು ನೋಡಲಿ, ಆದರೆ ಒಂದೊಂದಾಗಿ ಎಣಿಸುವಂತಿಲ್ಲ. ಸಂಖ್ಯೆ ಬಂದಮೇಲೆ ಎಣಿಸಿದ ಬಗೆಯನ್ನು ಬಣ್ಣದ ಪೆನ್ಸಿಲ್ಲಿನಿಂದ ಚಿತ್ರದ ಮೇಲೇ ಸುತ್ತು ಹಾಕಿ ತೋರಿಸಬೇಕು.

ಉತ್ತರ 24. ದಾರಿ ಮಾತ್ರ ಹಲವು. ಕೆಲವರು ನಾಲ್ಕು ಬದಿಗೆ ಐದೈದು, ಮೂಲೆಗೆ ನಾಲ್ಕು ಅನ್ನುತ್ತಾರೆ: 4 × 5 + 4. ಕೆಲವರು ಪ್ರತಿ ಬದಿಯ ಜೊತೆಗೆ ಒಂದು ಮೂಲೆ ಸೇರಿಸಿ ಸುತ್ತು ಬರುತ್ತಾರೆ: 4 × 6. ಮೇಲಿನ ಕೆಳಗಿನ ಸಾಲು ಏಳೇಳು, ಪಕ್ಕದವು ಐದೈದು ಎನ್ನುವವರದು 2 × 7 + 2 × 5. ನಾಲ್ಕೂ ಬದಿ ಏಳೇಳು ಹಿಡಿದು, ಎರಡೆರಡು ಸಲ ಎಣಿಸಿದ ಮೂಲೆಗಳನ್ನು ಕಳೆಯುವವರದು 4 × 7 − 4. 8ನೇ ತರಗತಿಯಲ್ಲಿ ಯಾರಾದರೂ ದೊಡ್ಡ ಚೌಕದಿಂದ ಚಿಕ್ಕ ಚೌಕ ಕಳೆಯುತ್ತಾರೆ: 49 − 25.

ಈಗ ಬದಿಗೆ 5ರ ಬದಲು 9 ಕಲ್ಲು ಎಂದು ಕೊಟ್ಟು, ಅವರವರ ದಾರಿಯಲ್ಲೇ ಮತ್ತೆ ಬರೆಸಿ. ಯಾವ ಸಂಖ್ಯೆ ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ಕಂಡುಕೊಂಡ ಮೇಲೆಯೇ ಕ ಬರಲಿ. 4 × 6ರಲ್ಲಿ 4 ಎಂಬುದು ಬದಿಗಳ ಎಣಿಕೆ, ಅದು ಬದಲಾಗದು. 6 ಎಂಬುದು 5 + 1, ಅದು ಬದಲಾಗುತ್ತದೆ. ಈ ನಡುವಿನ ಮೆಟ್ಟಿಲನ್ನು ಹಾರಿ ನೇರವಾಗಿ ಕ ಕೊಟ್ಟರೆ ಅರ್ಧ ಮಕ್ಕಳು ಅಲ್ಲೇ ಉಳಿದುಬಿಡುತ್ತಾರೆ. ಕ = ಕಟ್ಟೆಯ ಒಂದು ಬದಿಗೆ ಹಿಡಿಸುವ ಕಲ್ಲುಗಳ ಸಂಖ್ಯೆ ಎಂದಾದರೆ:

4ಕ + 4
4(ಕ + 1)
2(ಕ + 2) + 2ಕ
4(ಕ + 2) − 4
(ಕ + 2)² − ಕ²

ಐದು ಬೀಜೋಕ್ತಿ, ಒಂದೇ ಕಲ್ಲಿನ ಸುತ್ತು. ಸುಲಭೀಕರಿಸಿದರೆ ಎಲ್ಲವೂ 4ಕ + 4 ಆಗುತ್ತವೆ ಎಂದು ಈಗ ಬಿಡಿಸಿ ತೋರಿಸಿದಾಗ ಮಕ್ಕಳ ಮುಖ ನೋಡಿ. ಸುಲಭೀಕರಿಸುವುದು ಯಾಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಬೇರೆ ಬೇರೆಯವರು ಮಾಡಿದ ಲೆಕ್ಕ ಒಂದೇನಾ ಎಂದು ಚಿತ್ರವಿಲ್ಲದೆ ತಿಳಿಯಲು.

ತಪ್ಪುಗಳು ಎರಡು ಬರುತ್ತವೆ. 4(ಕ + 2) ಬರೆದವರು ಮೂಲೆಗಳನ್ನು ಎರಡು ಸಲ ಎಣಿಸಿದ್ದಾರೆ, 5ಕ್ಕೆ 28 ಬರುತ್ತದೆ. 4ಕ ಬರೆದವರು ಮೂಲೆಗಳನ್ನೇ ಬಿಟ್ಟಿದ್ದಾರೆ, 20 ಬರುತ್ತದೆ. ಎರಡರಲ್ಲೂ ವ್ಯತ್ಯಾಸ ಸರಿಯಾಗಿ ನಾಲ್ಕು. ಆ ನಾಲ್ಕು ಕಲ್ಲು ಯಾವುವು ಎಂದು ಚಿತ್ರದಲ್ಲಿ ಬೆರಳಿಟ್ಟು ತೋರಿಸಲಿ.

ವಿಸ್ತೀರ್ಣದ ಚಿತ್ರವನ್ನೂ ಈ ಹೊತ್ತಿಗೆ ಸೇರಿಸಬಹುದು. 6 ಮೀಟರ್ ಅಗಲದ ಜಮೀನಿನಲ್ಲಿ ಕ ಮೀಟರ್ ಉದ್ದಕ್ಕೆ ಕಬ್ಬು, ಮುಂದಿನ 4 ಮೀಟರಿಗೆ ರಾಗಿ: 6(ಕ + 4) = 6ಕ + 24 ಚದರ ಮೀಟರ್. ಚಿತ್ರದ ಪಕ್ಕದಲ್ಲಿ "ಅಳತೆಗೆ ತಕ್ಕಂತೆ ಬರೆದದ್ದಲ್ಲ" ಎಂದು ಬರೆಯಿರಿ, ಇಲ್ಲದಿದ್ದರೆ ಸ್ಕೇಲ್ ಇಟ್ಟು ಕ ಅಳೆಯುವವರು ಇರುತ್ತಾರೆ.

ಹಂತ 6: ಆವರಣದ ಮುಂದಿನ ಕಳೆಯುವ ಗುರುತು

ಅತಿ ಹೆಚ್ಚು ಅಂಕ ಹೋಗುವುದು ಇಲ್ಲಿ. "ಆವರಣದ ಮುಂದೆ − ಇದ್ದರೆ ಒಳಗಿನ ಗುರುತೆಲ್ಲ ಬದಲಿಸು" ಎಂದು ಬಾಯಿಪಾಠ ಮಾಡಿಸಿದರೆ ಮಕ್ಕಳು ಮೊದಲ ಪದಕ್ಕೆ ಮಾತ್ರ ಬದಲಿಸುತ್ತಾರೆ. ಚಿಲ್ಲರೆಯ ಲೆಕ್ಕ ಇದಕ್ಕೆ ಸರಿಯಾದ ಮದ್ದು.

ಅಂಗಡಿಯಲ್ಲಿ 500ರ ನೋಟು ಕೊಟ್ಟಿರಿ. ಅಕ್ಕಿಗೆ ಕ ರೂಪಾಯಿ, ಬೆಲ್ಲಕ್ಕೆ 80. ವಾಪಸ್ ಬರುವ ಚಿಲ್ಲರೆ 500 − (ಕ + 80). ಒಂದೊಂದಾಗಿ ಕಳೆದರೆ 500 − ಕ − 80, ಅಂದರೆ 420 − ಕ. 500 − ಕ + 80 ಎಂದು ಬರೆದ ಮಗುವನ್ನು ಕೇಳಿ: "ಬೆಲ್ಲ ತಗೊಂಡಿದ್ದಕ್ಕೆ ಅಂಗಡಿಯವರೇ ನಿನಗೆ 80 ರೂಪಾಯಿ ಕೊಟ್ಟರಾ?"

ಇದಕ್ಕಿಂತ ಕಷ್ಟದ್ದು 500 − (ಕ − 20). ಅಕ್ಕಿಯ ಬೆಲೆ ಕ, ಅದರಲ್ಲಿ 20 ರೂಪಾಯಿ ಬಿಟ್ಟರು. ಮೊದಲು ಪೂರ್ತಿ ಬೆಲೆ ಹಿಡಿದು ಚಿಲ್ಲರೆ ಕೊಟ್ಟರು: 500 − ಕ. ಆಮೇಲೆ ಬಿಟ್ಟ 20 ನೆನಪಾಗಿ ಅದನ್ನೂ ಕೈಗೆ ಹಾಕಿದರು: 500 − ಕ + 20 = 520 − ಕ. ಕ 300 ಎಂದು ಹಾಕಿ ನೋಡಿ, ಎರಡು ದಾರಿಯಲ್ಲೂ 220. ಕಳೆಯುವುದನ್ನು ಕಡಿಮೆ ಮಾಡಿದರೆ ಉಳಿಯುವುದು ಹೆಚ್ಚುತ್ತದೆ ಎಂಬುದು ಕೈಯಲ್ಲಿ ನೋಟು ಹಿಡಿದು ಆಡಿಸಿದರೆ ಒಂದೇ ಅವಧಿಯಲ್ಲಿ ಕೂರುತ್ತದೆ. ಇಬ್ಬರು ಮಕ್ಕಳನ್ನು ನಿಲ್ಲಿಸಿ, ಕಾಗದದ ನೋಟು ಮಾಡಿಸಿ ಆಡಿಸಿ. 8ನೇ ತರಗತಿಯವರಿಗೂ ಇದು ಚಿಕ್ಕ ಮಕ್ಕಳಾಟ ಅನಿಸುವುದಿಲ್ಲ.

ಶೇಕಡಾ ಲೆಕ್ಕವನ್ನು ಇಲ್ಲಿಗೆ ಜೋಡಿಸಿ. ದಸರೆಗೆ ಸೀರೆಯ ಮೇಲೆ ಶೇ. 20 ರಿಯಾಯಿತಿ: ಕ − 0.2ಕ = 0.8ಕ. ಬೆಲೆಯನ್ನು ಮೊದಲು ಶೇ. 20 ಏರಿಸಿ ಆಮೇಲೆ ಶೇ. 20 ಇಳಿಸಿದರೆ ಮತ್ತೆ ಕ ಆಗುತ್ತದೆಯೇ? 0.8 × 1.2ಕ = 0.96ಕ. ಆಗುವುದಿಲ್ಲ.

ಹಂತ 7: ಬೆಲೆ ಹಾಕಿ ತಾಳೆ ನೋಡುವುದು, ಅದರ ಮಿತಿ

ಬೆಲೆ ಹಾಕುವಾಗ ಕ ಅನ್ನು ಅಳಿಸಿ ಸಂಖ್ಯೆ ಬರೆಯುವ ಮಕ್ಕಳು 3ಕಯಲ್ಲಿ 5 ಹಾಕಿ 35 ಮಾಡುತ್ತಾರೆ. ಸಂಖ್ಯೆಯನ್ನು ಯಾವಾಗಲೂ ಆವರಣದೊಳಗೆ ಹಾಕುವ ಅಭ್ಯಾಸ ಮಾಡಿಸಿ: 3(5).

ಯಾವ ಸಂಖ್ಯೆ ಹಾಕಬೇಕು ಎಂಬುದೂ ಮುಖ್ಯ. 0, 1, 2 ಬೇಡ. ಕ + 2 ಮತ್ತು 2ಕ ಸಮಾನವಲ್ಲ, ಆದರೆ ಕ ಗೆ 2 ಹಾಕಿದರೆ ಎರಡೂ 4. ಕ² ಮತ್ತು 2ಕ ಇನ್ನೂ ಮೋಸದವು, 0 ಹಾಕಿದರೂ 2 ಹಾಕಿದರೂ ಸಮ, 3 ಹಾಕಿದರೆ 9 ಮತ್ತು 6. ಲೆಕ್ಕದಲ್ಲಿ ಈಗಾಗಲೇ ಇರುವ ಸಂಖ್ಯೆಯನ್ನೂ ಬಿಡಿ. 7, 10 ಒಳ್ಳೆಯ ಆಯ್ಕೆ.

ಒಂದು ಬೆಲೆಗೆ ತಾಳೆಯಾಗದಿದ್ದರೆ ಸಮಾನವಲ್ಲ ಎಂದು ಅಲ್ಲಿಗೇ ತೀರ್ಮಾನ. ತಾಳೆಯಾದರೆ ಸಮಾನ ಎಂದು ತೀರ್ಮಾನವಾಗುವುದಿಲ್ಲ. ಒಂದೇ ಚರಾಕ್ಷರ, ಅದಕ್ಕೆ ವರ್ಗ, ಘನ ಮುಂತಾದ ಯಾವ ಘಾತವೂ ಇಲ್ಲದ 3ಕ + 45 ಥರದ ಬೀಜೋಕ್ತಿಗಳಾದರೆ ಎರಡು ಬೇರೆ ಬೆಲೆಗಳಿಗೆ ತಾಳೆಯಾದರೆ ಸಾಕು, ಅವು ಎಲ್ಲ ಬೆಲೆಗೂ ಸಮ. ಇದನ್ನು ಶಿಕ್ಷಕರು ತಿಳಿದಿದ್ದರೆ ಸಾಕು. ಮಕ್ಕಳಿಂದ ಮಾತ್ರ ಕಾರಣವನ್ನೇ ಕೇಳಿ: ಬಿಡಿಸಿ ತೋರಿಸಲಿ, ಇಲ್ಲವೇ ಎರಡೂ ಒಂದೇ ವಸ್ತುವಿನ ಎಣಿಕೆ ಎಂದು ಚಿತ್ರದಲ್ಲಿ ತೋರಿಸಲಿ.

ಸಮೀಕರಣದ ಜೊತೆಗಿನ ಗೊಂದಲವನ್ನೂ ಇಲ್ಲಿಯೇ ಬಿಡಿಸಿ. 3(ಕ + 15) = 3ಕ + 45 ಎಂಬುದು ವಡೆಯ ಬೆಲೆ ಎಷ್ಟಿದ್ದರೂ ನಿಜ. 3ಕ + 45 = 105 ಎಂಬುದು ವಡೆಗೆ 20 ರೂಪಾಯಿ ಇದ್ದಾಗ ಮಾತ್ರ ನಿಜ. ಮೊದಲನೆಯದರಲ್ಲಿ ಕ ಕಂಡುಹಿಡಿಯಲು ಏನೂ ಇಲ್ಲ. ಕೆಲವು ಮಕ್ಕಳು ಸುಲಭೀಕರಿಸಿದ ಮೇಲೆ ಸುಮ್ಮನೆ "= 0" ಸೇರಿಸಿ ಕ = −15 ಎಂದು ತರುತ್ತಾರೆ. ಋಣ ಹದಿನೈದು ರೂಪಾಯಿಯ ವಡೆ ಎಲ್ಲಿ ಸಿಗುತ್ತದೆ ಎಂದು ಕೇಳಿ.

ಹಂತ 8: ಮಕ್ಕಳೇ ಲೆಕ್ಕ ಕಟ್ಟುವುದು

14 ಕಾರ್ಡ್ ಮಾಡಿ, ಗುಂಪಿಗೆ ಒಂದು ಕಟ್ಟು ಕೊಡಿ. ಸಮಾನವಾದವುಗಳನ್ನು ಒಟ್ಟಿಗೆ ಇಡಬೇಕು. ಎಷ್ಟು ಗುಂಪಾಗುತ್ತವೆ ಎಂದು ಹೇಳಬೇಡಿ.

2(ಕ + 6), 2ಕ + 12, ಕ + 6 + ಕ + 6, 3ಕ + 12 − ಕ
2(ಕ + 3), 2ಕ + 6, ಕ + ಕ + 6, 10 + 2ಕ − 4
6(ಕ + 2), 6ಕ + 12, 2(3ಕ + 6), 4ಕ + 12 + 2ಕ
14ಕ, 6ಕ + 2

ಕೊನೆಯ ಎರಡಕ್ಕೆ ಜೊತೆಯಿಲ್ಲ. 14ಕ ಅನ್ನು 2ಕ + 12ರ ಜೊತೆ ಇಟ್ಟ ಗುಂಪು ನಾಲ್ಕನೆಯ ಹಂತಕ್ಕೆ ಮರಳಬೇಕು. 6ಕ + 2 ಅನ್ನು 6(ಕ + 2)ರ ಜೊತೆ ಇಟ್ಟವರು ಮೊದಲನೆಯದಕ್ಕೆ.

ಕಾರ್ಡ್ ಮುಗಿದ ಮೇಲೆ ತಿರುಗಿಸಿ ಕೇಳಿ: 5(ಕ + 4) ಮತ್ತು 5ಕ + 20, ಒಂದೊಂದಕ್ಕೂ ಮನೆಯದೋ ಸಂತೆಯದೋ ಒಂದು ಲೆಕ್ಕ ಬರೆಯಿರಿ. ಮೊದಲನೆಯದರಲ್ಲಿ ಐದು ಸಲ ಆಗುವ ಒಂದು ಜೋಡಿ ಕಾಣಬೇಕು, ಎರಡನೆಯದರಲ್ಲಿ ಎರಡು ಬೇರೆ ರಾಶಿ. ಹೂವಿನ ಮಾರು, ಎಳನೀರು, ಆಲೆಮನೆಯ ಬೆಲ್ಲದ ಅಚ್ಚು, ಏನು ಬೇಕಾದರೂ ಬರಲಿ. ಬರೆದ ಲೆಕ್ಕಗಳನ್ನು ಗುಂಪುಗಳು ಅದಲುಬದಲು ಮಾಡಿ ಬೀಜೋಕ್ತಿ ಬರೆಯಲಿ. ಬರೆದವರ ಬೀಜೋಕ್ತಿಗೆ ತಾಳೆಯಾಗದಿದ್ದರೆ ತಪ್ಪು ಲೆಕ್ಕದ ಭಾಷೆಯದೋ ಬಿಡಿಸಿದ್ದರದೋ ಎಂದು ಎರಡು ಗುಂಪುಗಳೇ ಕೂತು ಮಾತಾಡಿ ಇತ್ಯರ್ಥ ಮಾಡಲಿ. ಶಿಕ್ಷಕರು ಐದು ನಿಮಿಷವಾದರೂ ನಡುವೆ ಬಾಯಿ ಹಾಕಬಾರದು.

ಪರೀಕ್ಷಿಸಲು ಐದು ಪ್ರಶ್ನೆ

1. ನಾಲ್ವರು ತಲಾ ಒಂದು ಎಳನೀರು, 10 ರೂಪಾಯಿಯ ಒಂದು ಪೊಟ್ಟಣ ಕಡಲೆಕಾಯಿ ಕೊಂಡರು. ಎಳನೀರಿಗೆ ಕ ರೂಪಾಯಿ. ಒಟ್ಟು ಹಣವನ್ನು ಎರಡು ರೀತಿ ಬರೆ. ಉತ್ತರ 4(ಕ + 10), 4ಕ + 40. ಒಂದೇ ರೀತಿ ಬರೆದು ಬಿಟ್ಟವರಿಗೆ ಮೊದಲ ಹಂತ ಇನ್ನೊಮ್ಮೆ.

2. 5ಕ + 3 ಮತ್ತು 8ಕ ಸಮಾನವೇ? ಸಮವಾಗುವ ಒಂದು ಬೆಲೆ, ಸಮವಾಗದ ಒಂದು ಬೆಲೆ ಕೊಡು. ಕ = 1 ಆದರೆ ಎರಡೂ 8. ಕ = 2 ಆದರೆ 13 ಮತ್ತು 16. 1 ಹಾಕಿ ನೋಡಿ "ಸಮಾನ" ಎಂದವರು ಏಳನೆಯ ಹಂತವನ್ನು ಅರಗಿಸಿಕೊಂಡಿಲ್ಲ.

3. 200 − (ಕ − 15) ಅನ್ನು ಆವರಣವಿಲ್ಲದೆ ಬರೆದು, ಅದಕ್ಕೆ ಒಂದು ಅಂಗಡಿ ಲೆಕ್ಕ ಹೇಳು. ಉತ್ತರ 215 − ಕ. 185 − ಕ ಬಂದಿದ್ದರೆ ಗುರುತು ಮೊದಲ ಪದಕ್ಕೆ ಮಾತ್ರ ಬದಲಾಗಿದೆ.

4. ಮದುವೆ ಊಟದ ಒಂದು ಮೇಜಿಗೆ 6 ಜನ: ಉದ್ದ ಬದಿಗೆ ಇಬ್ಬಿಬ್ಬರು, ತುದಿಗೆ ಒಬ್ಬೊಬ್ಬರು. ಕ ಮೇಜುಗಳನ್ನು ತುದಿಗೆ ತುದಿ ಸೇರಿಸಿದರೆ ಎಷ್ಟು ಜನ? 4ಕ + 2, ಅಥವಾ 6 + 4(ಕ − 1), ಅಥವಾ 6ಕ − 2(ಕ − 1). ಬೇರೆ ಬೇರೆ ಉತ್ತರ ಬರೆದವರನ್ನು ಒಟ್ಟಿಗೆ ಕೂರಿಸಿ ಎಲ್ಲವೂ 4ಕ + 2 ಆಗುತ್ತವೆ ಎಂದು ಅವರಿಂದಲೇ ಬಿಡಿಸಿಸಿ. 6ಕ ಬರೆದವರು ಸೇರಿಕೊಂಡ ತುದಿಗಳಲ್ಲಿ ಜನರನ್ನು ಕೂರಿಸಿದ್ದಾರೆ.

5. 6(ಕ + 5) ಮತ್ತು 6ಕ + 5, ಎರಡಕ್ಕೂ ಬೇರೆ ಬೇರೆ ಲೆಕ್ಕ ಬರೆ. ಯಾವುದು ಎಷ್ಟು ಹೆಚ್ಚು? ಮೊದಲನೆಯದು 25 ಹೆಚ್ಚು, ಕ ಏನೇ ಆಗಿರಲಿ.

ಐದನೆಯದಕ್ಕೆ ಹೆಚ್ಚು ಅಂಕ ಇಡಿ. ಬಿಡಿಸುವ ನಿಯಮವನ್ನು ಬಾಯಿಪಾಠ ಮಾಡಿ ಮೊದಲ ಮೂರನ್ನು ದಾಟಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಅವರಿಗೆ ಇನ್ನೊಂದು ಹಾಳೆ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಒಂದೇ ಸಂಖ್ಯೆಯ ಬೀಜ ತುಂಬಿದ ಆರು ಬೆಂಕಿಪೊಟ್ಟಣ, ಮೂವತ್ತು ಬಿಡಿ ಹುಣಸೆಬೀಜ ಮುಂದಿಟ್ಟು ಎರಡನ್ನೂ ಜೋಡಿಸಿ ತೋರಿಸಲು ಹೇಳಿ.